ಟ್ಯಾಂಕಿನ ಕಾಲಿಗೆ ಹಸಿರು ಬಣ್ಣ

ವನಜಾ ಮೊದಲ ಸಲ ಹೇಳಿದಾಗ ನಾನೂ ನಕ್ಕುಬಿಟ್ಟೆ.

ಸಂಜೆ ಕಾರ್ಖಾನೆ ಬಿಟ್ಟು ಇಬ್ಬರೂ ನಡೆದು ಬರುತ್ತಿದ್ದೆವು. "ದೊಡ್ಡಮ್ಮ, ಆ ಬಿಸಿನೀರಿನ ಟ್ಯಾಂಕ್ ಅಂಚು ಮುಟ್ಟಿದ್ರೆ ಮೊಣಕೈ ತನಕ ಜುಮ್ ಅಂತದೆ," ಅಂದಳು.

"ಬೆಳಗ್ಗೆ ಬರೀ ಹೊಟ್ಟೇಲಿ ಓಡಿ ಬತ್ತೀಯ. ಮೈಯಾಗೆ ರಕ್ತ ಇದ್ರೆ ತಾನೆ," ಅಂದೆ ನಾನು.

"ರಕ್ತ ಇಲ್ದಿದ್ರೆ ತಲೆ ತಿರುಗ್ತದೆ. ಕೈ ಯಾಕೆ ಜುಮ್ ಅಂತದೆ?"

ದಾರಿಯಲ್ಲಿ ಸೊಪ್ಪಿನವಳು ಕಂಡಳು, ದಂಟಿನ ಸೊಪ್ಪಿಗೆ ಚೌಕಾಸಿ ಮಾಡುತ್ತಾ ನಿಂತುಬಿಟ್ಟೆ. ಮಾತು ಅಲ್ಲಿಗೆ ನಿಂತಿತು.

ಇದು ತೊಂಬತ್ತಾರನೇ ಇಸವಿಯ ದೀಪಾವಳಿ ಕಳೆದ ವಾರದ ಮಾತು. ಪೀಣ್ಯ ಎರಡನೇ ಹಂತದಲ್ಲಿ ನಮ್ಮದು ನಟ್ಟು ಬೋಲ್ಟುಗಳಿಗೆ ಸತುವಿನ ಲೇಪ ಹಾಕುವ ಸಣ್ಣ ಕಾರ್ಖಾನೆ. ಶೆಡ್ಡಿನೊಳಗೆ ಸಾಲಾಗಿ ನಾಲ್ಕು ಕಬ್ಬಿಣದ ಟ್ಯಾಂಕು. ಕೊನೆಯದು ಬಿಸಿನೀರಿನದು, ಅದರೊಳಗೆ ಕರೆಂಟಿನ ಹೀಟರು. ಲೇಪ ಆದ ಬೋಲ್ಟುಗಳನ್ನು ತಂತಿ ಬುಟ್ಟಿಯಲ್ಲಿ ಹಾಕಿ ಆ ನೀರಿನಲ್ಲಿ ಮುಳುಗಿಸಿ ಎತ್ತುವುದು ವನಜಾಳ ಕೆಲಸ. ಬುಟ್ಟಿ ಎತ್ತಿದಾಗಲೆಲ್ಲ ನೀರು ಸುರಿದು ನೆಲ ಸದಾ ಒದ್ದೆ. ಗಂಬೂಟು ಕೊಟ್ಟಿದ್ದರು. ಅದರ ಹಿಮ್ಮಡಿ ಸೀಳಿ, ಒಳಗೆ ನೀರು ತುಂಬಿಕೊಂಡು, ಹಾಕಿಕೊಂಡರೆ ಕಾಲು ಕೊಳೆಯುತ್ತದೆ ಎಂದು ಅವಳು ಬರಿಗಾಲಲ್ಲೇ ನಿಲ್ಲುತ್ತಿದ್ದಳು.

ವನಜಾ ನನ್ನ ತಂಗಿಯ ಮಗಳು. ತಂಗಿ ಹೋದ ಮೇಲೆ ನನ್ನ ಜೊತೆಗೇ ಇದ್ದಳು. ಅವಳನ್ನು ಈ ಕೆಲಸಕ್ಕೆ ಸೇರಿಸಿದವಳೂ ನಾನೇ. ಸೂಪರ್‌ವೈಸರ್ ದೇವರಾಜರ ಮುಂದೆ ಕೈ ಮುಗಿದು ನಿಂತು, "ಬುದ್ಧಿವಂತೆ ಸಾರ್, ಏಳನೇ ಕ್ಲಾಸು ಮಾಡವ್ಳೆ, ದೂರು ಗೀರು ಅಂತ ಬರೋಳಲ್ಲ," ಎಂದು ನಾನೇ ಹೇಳಿದ್ದೆ.

ನನ್ನ ಕೆಲಸ ಕಸ ಗುಡಿಸುವುದು, ಗಿಡಗಳಿಗೆ ನೀರು ಹಾಕುವುದು, ಅದರ ಜೊತೆಗೆ ನಾಲ್ಕು ಅರ್ತ್ ಗುಂಡಿಗಳಿಗೂ ನೀರು ಹಾಕುವುದು. ಕಾಂಪೌಂಡಿನ ಬದಿಗೆ ಇಟ್ಟಿಗೆ ಕಟ್ಟಿ ಮೇಲೆ ಮುಚ್ಚಳ ಇಟ್ಟಿರುವ ಗುಂಡಿಗಳು ಅವು. ಒಳಗೆ ಆಳಕ್ಕೆ ಒಂದು ಕೊಳವೆ ಇಳಿಸಿ, ಸುತ್ತ ಇದ್ದಿಲು ಉಪ್ಪು ತುಂಬಿರುತ್ತಾರೆ. ಒಂದೊಂದು ಟ್ಯಾಂಕಿನಿಂದ ಒಂದೊಂದು ತಗಡಿನ ಪಟ್ಟಿ ಗೋಡೆಗುಂಟ ಬಂದು ಆ ಕೊಳವೆಗೆ ಸೇರುತ್ತದೆ. ದಿನಕ್ಕೆ ಗುಂಡಿಗೆ ಎರಡು ಬಕೆಟ್ ನೀರು. ಹಾಕಿದ ಮೇಲೆ ಪುಸ್ತಕದಲ್ಲಿ ತಾರೀಖು, ಸಮಯ, ನನ್ನ ರುಜು. ನಲವತ್ತಾರನೇ ವಯಸ್ಸಿನಲ್ಲಿ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತವಳು ನಾನು. ಪುಸ್ತಕದಲ್ಲಿ ನಾಗಲಕ್ಷ್ಮಮ್ಮ ಎಂದು ಪೂರ್ತಿ ಬರೆಯುತ್ತಿದ್ದೆ, ಒಂದು ಒತ್ತೂ ಬಿಡದೆ. ಎಲ್ಲರೂ ಕರೆಯುವುದು ಮಾತ್ರ ನಾಗಮ್ಮ ಎಂದು.

ನೀರು ಯಾಕೆ ಎಂದು ನನಗೆ ಹೇಳಿಕೊಟ್ಟವರು ಕೊಟ್ರೇಶ್. ಕೊಟ್ಟೂರು ಕಡೆಯವರು, ಆರು ತಿಂಗಳಿಗೊಮ್ಮೆ ಅರ್ತ್ ಅಳೆಯಲು ಬರುತ್ತಿದ್ದ ಎಲೆಕ್ಟ್ರಿಷಿಯನ್. ಮೊದಲ ಸಲ ಬಂದಾಗ ಅವರ ಕಬ್ಬಿಣದ ಗೂಟಗಳನ್ನು ನಾನೇ ಹೊತ್ತಿದ್ದೆ. "ನೋಡ್ರಿ ಅಮ್ಮಾ, ಕರೆಂಟು ಎಲ್ಲೋ ಸೋರಿ ಟ್ಯಾಂಕಿನ ಮೈಗೆ ಬಂತು ಅಂತ ಇಟ್ಕೊಳ್ರಿ. ಅದಕ್ಕ ಭೂಮಿಗೆ ಇಳಿಯಾಕ ದಾರಿ ಬೇಕು. ಈ ಗುಂಡಿ ಅದರ ದಾರಿ. ಮಣ್ಣು ಒಣಗಿದ್ರ ದಾರಿ ಬಿಗಿ ಆಗತೈತಿ. ಹಸಿ ಇದ್ರ ಸಲೀಸು. ನಾವು ದಾರಿ ಕೊಡಲಿಲ್ಲ ಅಂದ್ರ ಅದು ಮುಟ್ಟಿದವರ ಮೈಯಾಗ ಹಾಯ್ದು ಹೊಕ್ಕೈತಿ," ಎಂದಿದ್ದರು. ಅಂದಿನಿಂದ ನಾನು ಒಂದು ದಿನವೂ ನೀರು ತಪ್ಪಿಸಿದವಳಲ್ಲ. ಬೇಸಗೆಯಲ್ಲಿ ನಲ್ಲಿ ನಿಂತಾಗ ಟ್ಯಾಂಕರಿನವನ ಹತ್ತಿರ ಜಗಳ ಆಡಿಯಾದರೂ ಎಂಟು ಬಕೆಟ್ ಹಿಡಿಯುತ್ತಿದ್ದೆ.

ಮೊದಲ ಸಲ ಅವಳು ಹೇಳಿದಾಗ ನಾನು ನಕ್ಕಿದ್ದಕ್ಕೆ ಇದೂ ಒಂದು ಕಾರಣ. ನಾನು ನೀರು ಹಾಕುವ ಕಡೆ ಕರೆಂಟು ಯಾಕೆ ಹೊಡೆಯುತ್ತದೆ ಎಂಬ ಧೈರ್ಯ.

ನಾಲ್ಕು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಈ ಸಲ ನಾನು ಹತ್ತಿರದಲ್ಲೇ ಗುಡಿಸುತ್ತಿದ್ದೆ. ವನಜಾ ಬುಟ್ಟಿ ಎತ್ತುವಾಗ ಎಡಗೈ ಟ್ಯಾಂಕಿನ ಅಂಚಿಗೆ ತಾಗಿತು. ಕಿರುಚಲಿಲ್ಲ. ಕೈ ಅಲ್ಲೇ ಅಂಟಿಕೊಂಡ ಹಾಗೆ ಒಂದು ಕ್ಷಣ ನಿಂತಳು, ಆಮೇಲೆ ಯಾರೋ ಎಳೆದು ಬಿಸಾಡಿದ ಹಾಗೆ ಹಿಂದಕ್ಕೆ ಬಿದ್ದಳು. ಬೋಲ್ಟುಗಳು ನೆಲದ ತುಂಬ ಚೆಲ್ಲಿದವು.

ದೇವರಾಜ್ ಬಂದರು. ಮೊದಲು ಬೋಲ್ಟುಗಳನ್ನು ನೋಡಿದರು, ಆಮೇಲೆ ಅವಳನ್ನು.

"ಸಾರ್, ಶಾಕ್ ಹೊಡೀತು," ಅಂದಳು ವನಜಾ.

"ಎಲ್ಲಿ?"

"ಇಲ್ಲೇ ಸಾರ್, ಅಂಚಲ್ಲಿ."

ದೇವರಾಜ್ ಜೇಬಿನಿಂದ ಟೆಸ್ಟರ್ ತೆಗೆದು ಅಂಚಿಗೆ ಇಟ್ಟರು. ಒಳಗಿನ ದೀಪ ಮಿಣುಕಿತೋ ಇಲ್ಲವೋ ಎನ್ನುವ ಹಾಗೆ ಕೆಂಪಾಯಿತು. "ಇದಾ? ಇದು ರಿಟರ್ನು, ವಾಪಸ್ ಬರೋ ಕರೆಂಟು. ಎಲ್ಲಾ ಮೆಷಿನ್ನಲ್ಲೂ ಇಷ್ಟು ಇರುತ್ತೆ," ಎಂದು ಅಂಗೈಯನ್ನೇ ಟ್ಯಾಂಕಿನ ಮೇಲೆ ಇಟ್ಟರು. "ನೋಡು, ನಂಗೇನಾದ್ರೂ ಆಯ್ತಾ? ನಿನಗೊಬ್ಬಳಿಗೆ ಹೊಡಿಯೋಕೆ ಅದಕ್ಕೇನು ನಿನ್ನ ಮೇಲೆ ಲವ್ವಾ?"

ಪ್ಯಾಕಿಂಗಿನ ಹುಡುಗಿಯರು ಕಿಸಕ್ಕನೆ ನಕ್ಕರು. ದೇವರಾಜರ ಕಾಲಲ್ಲಿ ದಪ್ಪ ರಬ್ಬರ್ ಅಟ್ಟೆಯ ಶೂ ಇತ್ತು. ಅದನ್ನು ನಾನು ನೋಡಿದೆ. ವನಜಾನೂ ನೋಡಿದಳು.

"ಶೂ ಬಿಚ್ಚಿ ಮುಟ್ಟಿ ನೋಡಿ ಸಾರ್," ಅಂದಳು.

ನಗು ನಿಂತಿತು. ದೇವರಾಜ್ ನನ್ನ ಕಡೆ ತಿರುಗಿದರು. "ಏನು ನಾಗಮ್ಮ, ದೂರು ಗೀರು ಅಂತ ಬರೋಳಲ್ಲ ಅಂದಿದ್ಯಲ್ಲ? ಟ್ಯಾಂಕ್ ಹತ್ರ ನಿಲ್ಲಕ್ಕಾಗಲ್ಲ ಅಂದ್ರೆ ಹೇಳು, ಗೇಟು ತೆಗೆದೇ ಇದೆ. ಇವಳ ಜಾಗಕ್ಕೆ ನಾಳೆ ಹತ್ತು ಜನ ಬರ್ತಾರೆ."

ನಾನು ತಲೆ ತಗ್ಗಿಸಿ ಬೋಲ್ಟು ಆರಿಸಿದೆ.

ಮಾರನೇ ವಾರ ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರು ಬರುವವರಿದ್ದರು. ಅದಕ್ಕೇ ಕೊಟ್ರೇಶರನ್ನು ಅವಸರದಲ್ಲಿ ಕರೆಸಿದರು. ನನಗೆ ಹೋದ ಜೀವ ಬಂದಂತಾಯಿತು. ಅಳತೆಯ ಪೆಟ್ಟಿಗೆ ಸುಳ್ಳು ಹೇಳುವುದಿಲ್ಲ, ಏನಿದ್ದರೂ ಹೊರಗೆ ಬರುತ್ತದೆ ಎಂದುಕೊಂಡೆ.

ಕೊಟ್ರೇಶ್ ನಾಲ್ಕನೇ ಗುಂಡಿಯ ಮುಚ್ಚಳ ತೆಗೆಸಿದರು. ಕೊಳವೆಗೆ ಕಟ್ಟಿದ್ದ ಪಟ್ಟಿಯ ಬೋಲ್ಟು ಬಿಚ್ಚಿ ಪಟ್ಟಿಯನ್ನು ಪಕ್ಕಕ್ಕೆ ಇಟ್ಟರು. ಗುಂಡಿಯೊಂದನ್ನೇ ಅಳೆಯಬೇಕಾದರೆ ಹಾಗೆ ಬಿಡಿಸಲೇಬೇಕಂತೆ. ಪಕ್ಕದ ಖಾಲಿ ಸೈಟಿಗೆ ಹೋಗಿ ಒಂದೇ ಗೆರೆಯಲ್ಲಿ, ಅಷ್ಟು ದೂರಕ್ಕೊಂದು ಇಷ್ಟು ದೂರಕ್ಕೊಂದು, ಎರಡು ಗೂಟ ಹೊಡೆದೆವು. ಮೂರು ವೈರು ಎಳೆದು ಪೆಟ್ಟಿಗೆಗೆ ಸೇರಿಸಿ ಅವರು ಹಿಡಿ ತಿರುಗಿಸತೊಡಗಿದರು. ಮುಳ್ಳು ಅಲ್ಲಾಡಿ ಒಂದು ಕಡೆ ನಿಂತಿತು.

"ಏನಂತದೆ ಕೊಟ್ರೇಶಪ್ಪ?"

"ಒಂದು ಪಾಯಿಂಟ್ ಎರಡು ಓಂ. ಬಾಳ ಚಲೋ ಐತ್ರಿ ಅಮ್ಮಾ. ನೀವು ಹಾಕಿದ ನೀರೆಲ್ಲ ಕಾಣತೈತಿ ಇದರಾಗ."

ಬೇರೆ ದಿನವಾಗಿದ್ದರೆ ಹಿಗ್ಗುತ್ತಿದ್ದೆ. "ಅಂಗಾದ್ರೆ ಟ್ಯಾಂಕು ಮುಟ್ಟಿದ್ರೆ ಏನೂ ಆಗ್ಬಾರ್ದು ಅಲ್ವಾ?"

ಅವರು ಹಿಡಿ ನಿಲ್ಲಿಸಿ ನನ್ನ ಮುಖ ನೋಡಿದರು. "ಯಾರಿಗರ ಹೊಡೀತೇನು?"

"ನಮ್ಮ ವನಜಾಗೆ. ಎರಡು ಸಲ."

"ನಾನು ಅಳೆಯೋದು ಇಲ್ಲಿಂದ ಕೆಳಗ, ಬರೀ ಮಣ್ಣು. ಟ್ಯಾಂಕಿನಿಂದ ಇಲ್ಲೀಮಟ ಪಟ್ಟಿ ಸರಿ ಐತೋ ಇಲ್ಲೋ ಅದು ನಿಮ್ಮ ಕಾರ್ಖಾನೆಯವರ ಪಾಲಿಂದು. ನನಗ ಕೊಟ್ಟ ಕೆಲಸ ನಾಕು ಗುಂಡಿ ಅಷ್ಟ. ಪಟ್ಟಿ ಕೂಡೋ ಕಡೆ ಕಬ್ಬಿಣಕ್ಕ ಕಬ್ಬಿಣ ತಾಗಬೇಕ್ರಿ. ನಡುವ ತುಕ್ಕು ಇರಬಾರದು, ಬಣ್ಣ ಇರಬಾರದು. ಮ್ಯಾಲೆ ಎಷ್ಟರ ಬಳೀರಿ, ತಾಗೋ ಮೈಗೆ ಬಳಿದ್ರ ಮುಗೀತು. ಗುಂಡಿ ಎಷ್ಟು ಚಲೋ ಇದ್ರೂ ಕರೆಂಟಿಗೆ ಅಲ್ಲೀಮಟ ಬರಾಕ ದಾರೀನ ಇರಂಗಿಲ್ಲ."

ನನ್ನ ಕೈಯಲ್ಲಿದ್ದ ಸುತ್ತಿಗೆ ನೆಲಕ್ಕೆ ಇಳಿಯಿತು.

ಆಯುಧಪೂಜೆಗೆ ಮುಂಚೆ ಇಡೀ ಕಾರ್ಖಾನೆ ತೊಳೆದು ಬಣ್ಣ ಬಳಿಯುವುದು ನಮ್ಮಲ್ಲಿ ಪದ್ಧತಿ. ಮೆಷಿನ್ನುಗಳಿಗೆ ಬೂದು, ಟ್ಯಾಂಕಿಗೆ ಕಪ್ಪು, ಅರ್ತ್ ಪಟ್ಟಿಗೆ ಹಸಿರು. ಆ ವರ್ಷ ಹಸಿರು ಡಬ್ಬ ಮತ್ತು ಬ್ರಶ್ಶನ್ನು ದೇವರಾಜ್ ನನ್ನ ಕೈಗೆ ಕೊಟ್ಟಿದ್ದರು. "ಒಂದಿಂಚೂ ಬಿಡಬಾರ್ದು ನಾಗಮ್ಮ, ಪೂಜೆಗೆ ಮಾಲೀಕರ ಮನೆಯವರೆಲ್ಲ ಬರ್ತಾರೆ," ಎಂದಿದ್ದರು. ನಾನು ಒಂದಿಂಚೂ ಬಿಡಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮೇಲೆ ಮೇಲೆ ಒರೆಸಿ ಹೋಗುತ್ತಿದ್ದರು. ನಾನು ಸ್ಪ್ಯಾನರು ಕೇಳಿ ಪಡೆದು, ಟ್ಯಾಂಕಿನ ಕಾಲಿನ ಹತ್ತಿರದ ಬೋಲ್ಟು ಬಿಚ್ಚಿ, ಗೋಡೆಯ ಹತ್ತಿರ ಪಟ್ಟಿಗೆ ಪಟ್ಟಿ ಸೇರುವ ಕಡೆಯೂ ಬಿಚ್ಚಿ, ಮರೆಯಲ್ಲಿದ್ದ ಮೈಗೂ ಎರಡೆರಡು ಕೋಟು ಬಳಿದು, ಒಣಗಿಸಿ, ಮತ್ತೆ ಬಿಗಿದಿದ್ದೆ. ನಾಲ್ಕು ಟ್ಯಾಂಕಿಗೂ. ಎರಡು ದಿನದ ಕೆಲಸ. ಗುಂಡಿಯ ಒಳಗಡೆ ಮಾತ್ರ ಬಳಿದಿರಲಿಲ್ಲ. ಮುಚ್ಚಳದ ಕೆಳಗೆ ಯಾರೂ ನೋಡುವುದಿಲ್ಲವಲ್ಲ.

"ಕೊಟ್ರೇಶಪ್ಪ," ಎಂದು ಬಾಯಿ ತೆರೆದೆ.

ಅಷ್ಟರಲ್ಲಿ ದೇವರಾಜ್ ಕಾಗದ ಹಿಡಿದು ಬಂದರು. "ಎಷ್ಟು ಬಂತು ಗುರು? ಒಂದು ಪಾಯಿಂಟ್ ಎರಡಾ! ಸಕ್ಕತ್. ಸೈನ್ ಹಾಕು." ನನ್ನ ಕಡೆ ತಿರುಗಿ, "ಕೇಳಿಸ್ತಾ ನಾಗಮ್ಮ? ಒಂದು ಪಾಯಿಂಟ್ ಎರಡು. ನಿಮ್ಮ ಹುಡುಗಿಗೆ ಹೇಳು. ಇನ್‌ಸ್ಪೆಕ್ಟರ್ ಬಂದಾಗ ಯಾರಾದ್ರೂ ಏನಾದ್ರೂ ಬಾಯಿ ಬಿಟ್ಟು ತೊಂದ್ರೆ ಆಯ್ತೋ, ಅವತ್ತೇ ಅವರ ಲೆಕ್ಕ ಚುಕ್ತಾ."

ಕೊಟ್ರೇಶ್ ಏನೋ ಹೇಳಹೊರಟರು. "ದೇವರಾಜ್ ಅವರೇ, ಆ ಟ್ಯಾಂಕಿನ ಪಟ್ಟಿ ಒಂದ್ಸಲ—"

"ಗುಂಡಿ ಅಳೆ ಅಂತ ಕರೆಸಿದ್ದು ಮಾರಾಯ. ಗುಂಡಿ ಸರಿ ಇದೆ. ಇನ್ನು ಮೂರು ಇವೆ, ಮುಗಿಸು."

ನಾನು ಆಗ ಹೇಳಬೇಕಿತ್ತು. ಇವತ್ತು ಎಷ್ಟು ಸುಲಭವಾಗಿ ಬರೆಯುತ್ತಿದ್ದೇನೆ. ಅಲ್ಲಿ ನಿಂತಾಗ ಲೆಕ್ಕವೇ ಬೇರೆ ಇತ್ತು. ಹೇಳಿದರೆ ತಪ್ಪು ನನ್ನದು, ಇಬ್ಬರೂ ಹೊರಗೆ. ಹೇಳದಿದ್ದರೆ ನಾಳೆ ಬೆಳಗ್ಗೆ ಅವಳು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲುತ್ತಾಳೆ. ಕೊಟ್ರೇಶ್ ಮೂರೂ ಗುಂಡಿ ಅಳೆದು, ಪಟ್ಟಿಗಳನ್ನು ಮತ್ತೆ ಕೊಳವೆಗೆ ಬಿಗಿದು, ಪೆಟ್ಟಿಗೆಯನ್ನು ಲೂನಾದ ಹಿಂದೆ ಕಟ್ಟಿಕೊಂಡು ಹೋದರು. ನಾನು ಅವರ ಗೂಟಗಳ ಮಣ್ಣು ಒರೆಸಿಕೊಟ್ಟೆ.

ಮಾರನೇ ದಿನ ಕೆಲಸಕ್ಕೆ ಹೋಗುವ ದಾರಿಯಲ್ಲಿ ವನಜಾಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ಬಿಚ್ಚಿ ಬಿಚ್ಚಿ ಬಳಿದ್ರಾ ದೊಡ್ಡಮ್ಮ?"

"ಹೂಂ ಕಣವ್ವ."

"ಎಲ್ಲರೂ ಮಾಡ್ದಂಗೆ ಒರಟಾಗಿ ಮಾಡಿದ್ರೆ ಆಗ್ತಿರ್ಲಿಲ್ವಾ ನಿಮಗೆ?"

"ನನಗೆ ಅಂಗೆ ಬರಾಕಿಲ್ಲ."

ಅವಳಿಗೆ ನಗು ಬಂತು, ಅದು ಅಳುವಿನ ಕಡೆ ತಿರುಗುವಷ್ಟರಲ್ಲಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಇವತ್ತು ಟ್ಯಾಂಕಿಗೆ ಹೋಗ್ಬೇಡ," ಅಂದೆ. "ಹೋಗ್ದಿದ್ರೆ ಗೇಟಿಗೆ ಹೋಗು ಅಂತಾರೆ," ಅಂದಳು. ಎರಡೂ ನಿಜ.

ಒಳಗೆ ಹೋದ ಕೂಡಲೇ ದೇವರಾಜರ ಮುಂದೆ ನಿಂತೆ. "ಸಾರ್, ವನಜಾನ ಇವತ್ತೊಂದಿನ ಪ್ಯಾಕಿಂಗಿಗೆ ಹಾಕಿ ಸಾರ್. ಮೈ ಸರಿ ಇಲ್ಲ."

"ಇವತ್ತು ಸಂಜೆಗೆ ಚಂದಾಪುರದ ಪಾರ್ಟಿಗೆ ಲೋಡ್ ಹೋಗ್ಬೇಕು. ಮೈ ಸರಿ ಇಲ್ದಿರೋಳು ಮನೇಲಿ ಮಲ್ಕೋಬೇಕಿತ್ತು. ಹೋಗಮ್ಮ, ಪೊರಕೆ ಹಿಡಿ."

ಹತ್ತೂವರೆಗೆ ಟೀ. ಹತ್ತು ನಿಮಿಷ ಶೆಡ್ಡು ಖಾಲಿ. ನಾನು ಅದಕ್ಕೇ ಕಾದಿದ್ದೆ. ವನಜಾ ಹೀಟರಿನ ಸ್ವಿಚ್ಚು ಕೆಳಗೆ ಮಾಡಿ ಅದರ ಮುಂದೆಯೇ ಬೆನ್ನು ಕೊಟ್ಟು ನಿಂತಳು. ನಾನು ಟ್ಯಾಂಕಿನ ಹಿಂದೆ, ಗೋಡೆಗೂ ಟ್ಯಾಂಕಿಗೂ ನಡುವಿನ ಸಂದಿಗೆ ತೂರಿದೆ. ಒಬ್ಬರು ಅಡ್ಡಡ್ಡ ನಿಲ್ಲುವಷ್ಟು ಜಾಗ. ಮುಂದೆ ಬಿಸಿ ಕಬ್ಬಿಣ, ಹಿಂದೆ ಗೋಡೆ, ಬಗ್ಗಿದರೆ ಮಂಡಿ ಮಡಿಸಲಾಗದು. ಸ್ಪ್ಯಾನರು ಕೊಟ್ಟು ಬೋಲ್ಟು ತಿರುಗಿಸಿದೆ. ಬಣ್ಣ ಒಣಗಿ ಕಚ್ಚಿಕೊಂಡಿತ್ತು. ನಾನೇ ಹಾಕಿದ ಎರಡು ಕೋಟು. ಬ್ಲೇಡಿನಿಂದ ಕೆರೆದೆ, ಎಮರಿ ಪೇಪರಿನಿಂದ ತಿಕ್ಕಿದೆ. ಹಸಿರು ಪುಡಿ ಕಣ್ಣಿಗೆ ಉದುರಿತು. ಕಬ್ಬಿಣ ಬೆಳ್ಳಗೆ ಕಾಣುವ ತನಕ ತಿಕ್ಕಿ, ಬಿಗಿದು, ಪಕ್ಕಕ್ಕೆ ಜರುಗಿ ಗೋಡೆಯ ಹತ್ತಿರದ ಸೇರಿಕೆಯನ್ನೂ ಬಿಚ್ಚಿದೆ.

"ದೊಡ್ಡಮ್ಮ, ಬೇಗ. ಲೋಟ ತೊಳೀತಾವ್ರೆ."

"ಇನ್ನೊಂದು ಬೋಲ್ಟು ಕಣೆ."

"ಬಂದ್ರು. ದೇವರಾಜ್ ಸಾರು."

ನಾನು ಕೊನೆಯ ಸುತ್ತು ಬಿಗಿದೆ. ಹೊರಗೆ ಬರಲು ಆಗಲಿಲ್ಲ. ಸೀರೆ ಟ್ಯಾಂಕಿನ ಕಾಲಿಗೆ ಸಿಕ್ಕಿಕೊಂಡಿತ್ತು. ದೇವರಾಜ್ ವನಜಾಳನ್ನು ಪಕ್ಕಕ್ಕೆ ಸರಿಸಿ, "ಹೀಟರ್ ಯಾಕೆ ಆಫ್ ಮಾಡಿದ್ದು? ನೀರು ಆರೋಯ್ತಲ್ಲ!" ಎಂದು ಸ್ವಿಚ್ಚು ಮೇಲಕ್ಕೆ ತಳ್ಳಿದರು.

ಢಂ ಎಂದಿತು. ಫ್ಯೂಸಿನ ಪೆಟ್ಟಿಗೆಯಿಂದ ನೀಲಿ ಬೆಳಕು ಹಾರಿತು. ಹೀಟರಿನ ದೀಪ ಆರಿತು. ಆ ಸಂದಿಯಲ್ಲಿ ಸಿಕ್ಕಿಕೊಂಡು ನಿಂತಿದ್ದ ನನಗೆ ಏನೂ ಆಗಲಿಲ್ಲ. ಹೆಗಲು ಟ್ಯಾಂಕಿಗೆ ಒತ್ತಿಕೊಂಡೇ ಇತ್ತು.

ದೇವರಾಜ್ ಹೊಸ ಫ್ಯೂಸ್ ತಂತಿ ಕಟ್ಟಿದರು. ಮತ್ತೆ ಢಂ. ಆಗ ಅವರಿಗೆ ಟ್ಯಾಂಕಿನ ಹಿಂದೆ ನಾನು ಕಂಡೆ. ಕೈಯಲ್ಲಿ ಸ್ಪ್ಯಾನರು, ಮುಖದ ತುಂಬ ಹಸಿರು ಪುಡಿ.

"ಏನ್ ಮಾಡ್ದೆ ಮುದುಕಿ? ನಿನ್ನೆ ತನಕ ಸರಿಯಾಗಿ ಓಡ್ತಾ ಇತ್ತಲ್ಲ!"

"ನಿನ್ನೆ ತನಕ ಸರಿ ಇರ್ಲಿಲ್ಲ ಸಾರ್. ಇವತ್ತು ಸರಿ ಆಯ್ತು. ಸೋರೋ ಕರೆಂಟು ಈಗ ಭೂಮಿಗೆ ಹೋಯ್ತಾ ಐತೆ, ಅದಕ್ಕೇ ಫ್ಯೂಸು ಹಾರ್ತಾ ಐತೆ. ಪಟ್ಟಿ ಸಂದಿಗೆ ನಾನೇ ಬಣ್ಣ ಬಳ್ದಿದ್ದೆ, ಪೂಜೆಗೆ. ನಾಲ್ಕು ಟ್ಯಾಂಕಿಗೂ."

ಟೀ ಮುಗಿಸಿ ಬಂದವರೆಲ್ಲ ಸುತ್ತ ನಿಂತಿದ್ದರು. ಹೇಳಿದ ಮೇಲೆ ಎದೆ ಹಗುರಾಗುತ್ತದೆ ಅಂತಾರೆ. ನನಗೆ ಹಾಗೇನೂ ಆಗಲಿಲ್ಲ. ಸೀರೆ ಇನ್ನೂ ಸಿಕ್ಕಿಕೊಂಡೇ ಇತ್ತು.

ದೇವರಾಜ್ ಅಷ್ಟನ್ನೂ ಕೇಳಿಸಿಕೊಂಡು ಅದರಲ್ಲಿ ತಮಗೆ ಬೇಕಾದ್ದನ್ನು ಮಾತ್ರ ಹಿಡಿದರು. "ಅಂದ್ರೆ ಆ ಪಟ್ಟಿ ಬಿಚ್ಚಿಬಿಟ್ರೆ ಫ್ಯೂಸು ಹಾರಲ್ಲ. ಕೊಡಿಲ್ಲಿ ಸ್ಪ್ಯಾನರು. ಸಂಜೆ ಲೋಡ್ ಹೋಗ್ಲಿ, ಆಮೇಲೆ ನೋಡೋಣ."

ನಾನು ಆ ಸೇರಿಕೆಯ ಮೇಲೆ ಎರಡೂ ಕೈ ಮುಚ್ಚಿ ಇಟ್ಟೆ. ಸ್ಪ್ಯಾನರು ಸೊಂಟಕ್ಕೆ ಸಿಕ್ಕಿಸಿದೆ. "ಬಿಚ್ಚಕ್ಕೆ ಬಿಡಲ್ಲ ಸಾರ್."

"ಈಚೆ ಬಾ ಅಂದೆ."

"ಬರಾಕೂ ಆಗಲ್ಲ, ಸೀರೆ ಸಿಕ್ಕಂಡೈತೆ."

ಯಾರೋ ನಕ್ಕರು. ಗದ್ದಲ ಕೇಳಿ ಮಾಲೀಕರು ಆಫೀಸಿನಿಂದ ಇಳಿದು ಬಂದರು. ಅವರು ಕೂಗುವವರಲ್ಲ. ಎಲ್ಲ ಕೇಳಿಸಿಕೊಂಡು ಕೊಟ್ರೇಶ್ ಕೆಲಸ ಮಾಡುವ ಅಂಗಡಿಗೆ ಫೋನು ಮಾಡಿದರು. ಹಿಂತಿರುಗಿ ಬಂದಾಗ ಮುಖ ಇಳಿದಿತ್ತು. "ಹೀಟರ್ ಒಳಗೆ ಸೀಳಿರಬೇಕು ಅಂತಿದಾನೆ ಕೊಟ್ರೇಶ್. ಹಾಗೇ ಓಡಿಸಿದ್ರೆ ಹೆಣ ಬೀಳುತ್ತೆ ಅಂದ." ಆಮೇಲೆ ನನ್ನ ಕಡೆ ನೋಡಿ, "ನಾಗಮ್ಮ, ಈಚೆ ಬಾ. ಆಫೀಸಿಗೆ ಬಾ," ಅಂದರು.

ವನಜಾ ಬಂದು ಸೀರೆ ಬಿಡಿಸಿದಳು. "ನೀನಿಲ್ಲೇ ನಿಂತ್ಕೊ, ಯಾರೂ ಮುಟ್ಟದಂಗೆ ನೋಡ್ಕೊ," ಎಂದು ಅವಳನ್ನು ನನ್ನ ಜಾಗದಲ್ಲಿ ನಿಲ್ಲಿಸಿ ಹೋದೆ. ಸ್ಪ್ಯಾನರು ನನ್ನ ಸೊಂಟದಲ್ಲೇ ಇತ್ತು.

ಆಫೀಸಿನಲ್ಲಿ ಮಾಲೀಕರು ನನ್ನ ಮುಂದೆ ಒಂದು ಬಿಳಿ ಹಾಳೆ, ಪೆನ್ನು ಇಟ್ಟರು. ಕೂರಲು ಸ್ಟೂಲು ಕೊಟ್ಟರು. ಹನ್ನೊಂದು ವರ್ಷದಲ್ಲಿ ಆ ಕೋಣೆಯಲ್ಲಿ ನಾನು ಕೂತದ್ದು ಅದೇ ಮೊದಲು.

"ನಿನಗೆ ಬರೆಯೋಕೆ ಬರುತ್ತೆ ಅಲ್ವಾ? ನಾನು ಹೇಳಿದ್ದು ಬರಿ. ಯಾರ ಆದೇಶವೂ ಇಲ್ಲದೆ, ನನ್ನ ಸ್ವಂತ ಬುದ್ಧಿಯಿಂದ, ಅರ್ತ್ ಪಟ್ಟಿಗಳನ್ನು ಬಿಚ್ಚಿ ಬಣ್ಣ ಬಳಿದಿರುತ್ತೇನೆ."

"ಬಣ್ಣ ಬಳಿ ಅಂದೋರು ದೇವರಾಜ್ ಸಾರು. ಒಂದಿಂಚೂ ಬಿಡಬೇಡ ಅಂದ್ರು."

ದೇವರಾಜ್ ಬಾಗಿಲ ಹತ್ತಿರ ನಿಂತು ತಮ್ಮ ಶೂ ನೋಡಿಕೊಳ್ಳುತ್ತಿದ್ದರು.

"ಬಿಚ್ಚಿ ಬಳಿ ಅಂದಿದ್ನಾ?" ಎಂದು ಮಾಲೀಕರು ಕೇಳಿದರು.

"ಇಲ್ಲ."

"ಮತ್ತೆ? ಬರಿ."

ಬರೆದೆ. ಅರ್ಧ ಸತ್ಯಕ್ಕೆ ಕೈ ಹೇಗೆ ಸಲೀಸಾಗಿ ಓಡುತ್ತದೆ!

"ಮುಂದೆ. ಇದಕ್ಕೆ ಮುಂಚೆ ಟ್ಯಾಂಕಿನಲ್ಲಿ ಶಾಕ್ ಹೊಡೆಯುತ್ತದೆ ಎಂದು ಯಾವ ಕೆಲಸಗಾರರೂ ಯಾರಿಗೂ ತಿಳಿಸಿರುವುದಿಲ್ಲ."

ನಾನು ಪೆನ್ನು ಎತ್ತಿದೆ. "ವನಜಾ ಹೇಳಿದ್ಲು. ಎಲ್ಲರ ಮುಂದೆ ಹೇಳಿದ್ಲು."

"ನಾಗಮ್ಮ, ಇನ್‌ಸ್ಪೆಕ್ಟರ್ ಕೇಳಿದ್ರೆ ಗೊತ್ತಿದ್ದೂ ಓಡಿಸಿದ್ರಿ ಅಂತ ಕಾರ್ಖಾನೆಗೆ ಬೀಗ ಹಾಕ್ತಾನೆ. ಬೀಗ ಬಿದ್ರೆ ನೀನೂ ಇಲ್ಲ, ವನಜಾನೂ ಇಲ್ಲ, ಇಲ್ಲಿರೋ ಮೂವತ್ತು ಜನಾನೂ ಇಲ್ಲ. ಈಗ ಹೀಟರ್ ವಿಷಯ. ನಮಗೆ ಯಾವಾಗ್ಲೂ ಸಪ್ಲೈ ಮಾಡೋನಿಗೆ ಹೇಳಿದ್ರೆ ಹೊಸದು ಬರೋಕೆ ನಾಲ್ಕು ದಿನ. ಅಲ್ಲೀತನಕ ನಾನು ಕಣ್ಣು ಮುಚ್ಕೊಂಡ್ರೆ ದೇವರಾಜ್ ಏನಾದ್ರೂ ಮಾಡಿ ಓಡಿಸ್ತಾನೆ. ಕಾಗದ ನನ್ನ ಕೈಲಿದ್ರೆ ಇವತ್ತೇ ಎಸ್.ಪಿ. ರೋಡಿನ ಅಂಗಡಿಯಿಂದ ತರೋಕೆ ಆಟೋ ಕಳಿಸ್ತೀನಿ."

ಕೋಪದಿಂದ ಹೇಳಿದ್ದರೆ ಜಗಳ ಆಡಬಹುದಿತ್ತು. ಹಾಲು ತರುವವನಿಗೆ ಲೀಟರು ಹೇಳುವ ಹಾಗೆ ಹೇಳಿದರು. ಕಿಟಕಿಯಿಂದ ನೋಡಿದೆ. ಟ್ಯಾಂಕಿನ ಪಕ್ಕ ವನಜಾ ನಿಂತಿದ್ದಳು, ಎರಡೂ ಕೈ ಹಿಂದೆ ಕಟ್ಟಿಕೊಂಡು.

"ಬರೀತೀನಿ," ಅಂದೆ. "ರುಜು ಈಗ ಹಾಕಲ್ಲ. ಹೊಸ ಹೀಟರು ಕೂರಲಿ. ನಾಲ್ಕು ಟ್ಯಾಂಕಿನ ಸಂದೀನೂ ಕೊಟ್ರೇಶಪ್ಪ ಬಿಚ್ಚಿ ಕೆರೀಲಿ. ಗುಂಡಿಯಿಂದ ಅಲ್ಲ, ಟ್ಯಾಂಕಿಂದಲೇ ಅಳೆದು ನನಗೆ ಮುಳ್ಳು ತೋರಿಸ್ಲಿ. ಆಮೇಲೆ ಹಾಕ್ತೀನಿ."

"ನನಗೇ ಷರತ್ತಾ?"

"ರುಜು ಇಲ್ದಿದ್ರೆ ಅದು ಬರೀ ಹಾಳೆ ಸಾರ್."

ಮಾಲೀಕರು ಆಟೋ ಕರೆಸಲು ಬೆಲ್ ಒತ್ತಿದರು.

ಆಟೋ ಹೋಗಿ ಬರಲು ಮೂರು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಆ ಸ್ಟೂಲಿನ ಮೇಲೆ ಕೂತಿದ್ದೆ. ಹಾಳೆಯ ಮೇಲೆ ನನ್ನದೇ ಅಕ್ಷರ, ದುಂಡಗೆ, ಚೆನ್ನಾಗಿಯೇ ಬಂದಿತ್ತು. ನನಗೆ ಓದಲು ಬರದೇ ಇದ್ದಿದ್ದರೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು, ನಾನು ಏನು ಒತ್ತಿದೆ ಎಂದು ಗೊತ್ತಾಗದೆ ಮನೆಗೆ ಹೋಗುತ್ತಿದ್ದೆ. ಎರಡನೇ ಸಾಲನ್ನು ಎಷ್ಟು ಸಲ ಓದಿದರೂ ಅದರಲ್ಲಿ ವನಜಾಳ ಬಾಯಿ ಮುಚ್ಚಿದ ನನ್ನ ಕೈಯೇ ಕಾಣುತ್ತಿತ್ತು.

ಕೊಟ್ರೇಶ್ ಬಂದು ಹಳೇ ಹೀಟರು ಹೊರಗೆಳೆದಾಗ ಅದರ ಮೈಯಲ್ಲಿ ಬೆರಳುದ್ದ ಬಿರುಕು. ಹೊಸದನ್ನು ಕೂರಿಸಿದರು. ನಾಲ್ಕೂ ಟ್ಯಾಂಕಿನ ಸೇರಿಕೆಗಳನ್ನು ಬಿಚ್ಚಿ ಕೆರೆದರು. ನಾನು ಪಕ್ಕದಲ್ಲಿ ನಿಂತು ಒಂದೊಂದನ್ನೂ ಬೆರಳಿಂದ ಮುಟ್ಟಿ ನೋಡಿದೆ. ಪೆಟ್ಟಿಗೆಯ ವೈರನ್ನು ಈ ಸಲ ಬಿಸಿನೀರಿನ ಟ್ಯಾಂಕಿನ ಅಂಚಿಗೇ ಕಚ್ಚಿಸಿ ಹಿಡಿ ತಿರುಗಿಸಿದರು. ಮುಳ್ಳು ಒಂದೂಕಾಲಿನ ಹತ್ತಿರ ನಿಂತಿತು.

"ಈಗ ಹೊಂದಿತ್ರಿ ಅಮ್ಮಾ," ಅಂದರು ಕೊಟ್ರೇಶ್. ದನಿ ತಗ್ಗಿಸಿ, "ನಿನ್ನೆನ ಹೇಳಬೇಕಿತ್ತು ನೀವು," ಅಂದರು. "ನಾನರ ಬಿಚ್ಚಿ ನೋಡಬೇಕಿತ್ತು," ಎಂದು ತಾವೇ ಸೇರಿಸಿದರು.

ನಾನು ಆಫೀಸಿಗೆ ಹೋಗಿ ರುಜು ಹಾಕಿದೆ. ಪೂರ್ತಿ ಹೆಸರು. ಮಾಲೀಕರು ಹಾಳೆಯನ್ನು ಫೈಲಿಗೆ ಸೇರಿಸಿ, "ಇನ್‌ಸ್ಪೆಕ್ಟರ್ ಬಂದು ಹೋಗೋ ತನಕ ರಜದ ಮೇಲಿರು. ಆಮೇಲೆ ಹೇಳಿ ಕಳಿಸ್ತೀನಿ," ಅಂದರು. ಹೇಳಿ ಕಳಿಸುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಶೆಡ್ಡಿನಲ್ಲಿ ವನಜಾ ಕಾದಿದ್ದಳು. ಏನು ಬರೆದೆ ಎಂದು ಕೇಳಿದಳು. ಅವಳಿಗೆ ಸುಳ್ಳು ಹೇಳಲು ಇಷ್ಟವಾಗಲಿಲ್ಲ, ಎರಡು ಸಾಲನ್ನೂ ಹೇಳಿದೆ.

"ನಾನು ಹೇಳಿದ್ದೆನಲ್ಲ ದೊಡ್ಡಮ್ಮ."

"ಹೇಳಿದ್ದೆ ಕಣವ್ವ."

"ನಿಮಗೂ ಹೇಳಿದ್ದೆ. ಅವ್ರಿಗೂ ಹೇಳಿದ್ದೆ."

"ಹೇಳಿದ್ದೆ."

"ಇನ್ಮೇಲೆ ಏನಾದ್ರೂ ಹೇಳಿದ್ರೆ ಯಾರು ನಂಬ್ತಾರೆ? ನಾಗಮ್ಮನೇ ಬರ್ಕೊಟ್ಟವ್ಳೆ ಅಂತಾರೆ. ನಾನೂ ಬರ್ತೀನಿ. ನಂಗೂ ಬೇಡ ಈ ಕೆಲ್ಸ."

"ಇಬ್ಬರೂ ಬಂದ್ರೆ ಬಾಡಿಗೆ ಯಾರು ಕಟ್ಟೋರು? ಹೋಗು. ಲೋಡು ಐತೆ."

ಹಿಂದಿನಿಂದ ದೇವರಾಜ್, "ವನಜಾ, ಬುಟ್ಟಿ!" ಎಂದು ಕೂಗಿದರು. ದನಿಯಲ್ಲಿ ಎಂದಿನ ಜೋರು ಇರಲಿಲ್ಲ, ಆದರೂ ಕೂಗಿದರು. ವನಜಾ ಟ್ಯಾಂಕಿನ ಹತ್ತಿರ ಹೋದಳು. ಅಂಚಿನಿಂದ ಒಂದು ಗೇಣು ದೂರದಲ್ಲಿ ಅಂಗೈ ಹಿಡಿದು ನಿಂತಳು. ಆಮೇಲೆ ಕಣ್ಣು ಮುಚ್ಚಿ ಕೈ ಇಟ್ಟಳು.

ಕೈ ಅಲ್ಲೇ ಇತ್ತು. ಎಷ್ಟೋ ಹೊತ್ತು ಇತ್ತು. ನಾನು ಉಸಿರು ಬಿಟ್ಟೆ. ಅವಳು ಕಣ್ಣು ತೆರೆದು ಬುಟ್ಟಿ ಎತ್ತಿ ನೀರಿಗೆ ಇಳಿಸಿದಳು. ನನ್ನ ಕಡೆ ನೋಡಲಿಲ್ಲ.

ಗೇಟಿನಲ್ಲಿ ವಾಚ್‌ಮನ್ ಆಂಜಿನಪ್ಪ, "ಏನಕ್ಕಾ, ಇಷ್ಟು ಬೇಗ?" ಅಂದ. ನನ್ನ ಸೊಂಟದಲ್ಲಿ ಇನ್ನೂ ಸ್ಪ್ಯಾನರು ಇದ್ದದ್ದು ಆಗ ನೆನಪಾಯಿತು. ತೆಗೆದು ಅವನ ಕೈಗೆ ಕೊಟ್ಟೆ. ಹೊರಗೆ ನಾಲ್ಕು ಗಂಟೆಯ ಬಿಸಿಲು. ಮನೆಯ ಕೀ ವನಜಾಳ ಹತ್ತಿರ ಇತ್ತು, ಅವಳ ಶಿಫ್ಟು ಬಿಡುವುದು ಆರಕ್ಕೆ. ಕಾಂಪೌಂಡಿನ ಗೋಡೆಗೆ ಒರಗಿ ನೆರಳಿನಲ್ಲಿ ಕೂತೆ. ಗೋಡೆಯ ಆ ಕಡೆ ಬುಟ್ಟಿ ಏಳುವ ಸದ್ದು, ಇಳಿಯುವ ಸದ್ದು ಕೇಳುತ್ತಿತ್ತು. ಒಂದೊಂದನ್ನೂ ಎಣಿಸುತ್ತಾ ಕೂತೆ.